ಈ ಪಾಪವನ್ನು ಯಾರು ನಿವೇದಿಸಬೇಕು?



ಧರ್ಮಕೇಂದ್ರದ ಹಬ್ಬಕ್ಕೆ ಕೋಳಿ ಬಿರಿಯಾನಿ ಮಾರಿ ಯುವಜನರ ನಿಧಿಗೆ ಹಣ ಕೂಡಿಸೋಣ ಎಂದು ನಾವು ಭಾನುವಾರದ ಪೂಜೆ ಮುಗಿದ ಮೇಲೆ ಸಭೆ ಕೂತಿದ್ದೆವು. ಲೆಕ್ಕದ ನಡುವೆ, ನರ್ಸ್ ಕೆಲಸದಲ್ಲಿರುವ ನಮ್ಮ ಸಂಗಾತಿಯೊಬ್ಬಳು, "ಆ ಕೋಳಿಗೆ ಏನೇನು ಮದ್ದು ಹಾಕಿರ್ತಾರೆ ಅಂತ ಯಾರಾದ್ರೂ ಕೇಳಿದ್ದೀರಾ?" ಎಂದಳು. ಅವಳ ಪಕ್ಕದಲ್ಲೇ ಕೂತಿದ್ದವನ ಮನೆಯಲ್ಲಿ ಕೋಳಿ ಶೆಡ್ ಇದೆ. ಅವನ ಮುಖ ಕೆಂಪಾಯಿತು. ಬಿರಿಯಾನಿಯ ಲೆಕ್ಕ ಅಲ್ಲಿಗೇ ನಿಂತಿತು. ಹೊಸೂರಿನ ಕಡೆಯವರು ನಾವು, ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜಗಳವಾಡಿದೆವು.

ವಿಷಯ ಇಷ್ಟು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಅನೇಕ ವೇಳೆ ಅದಕ್ಕೆ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಕೊಯ್ಯುವಾಗ ಮಾಂಸಕ್ಕೆ ಅಂಟುತ್ತದೆ. ನಮಗೆ ತಗುಲಿದರೆ ಭೇದಿ, ಹೊಟ್ಟೆನೋವು, ಜ್ವರ. ಹೆಚ್ಚಿನವರು ಔಷಧಿ ಇಲ್ಲದೆಯೇ ಸುಧಾರಿಸುತ್ತಾರೆ. ಆದರೆ ಹಸುಗೂಸು, ಮುದುಕರು, ಮೊದಲೇ ಸೋತ ದೇಹದವರಲ್ಲಿ ಅದು ರಕ್ತಕ್ಕೆ ಇಳಿಯಬಹುದು. ಆಗ ಆಂಟಿಬಯೋಟಿಕ್ ಕೆಲಸ ಮಾಡಲೇಬೇಕು. ಶೆಡ್ಡಿನಲ್ಲಿ ಸಾವಿರಾರು ಕೋಳಿಗಳಿಗೆ ದಿನವೂ ಸ್ವಲ್ಪ ಸ್ವಲ್ಪ ಅದೇ ಜಾತಿಯ ಮದ್ದು ಹೋಗುತ್ತಿದ್ದರೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದವು ಉಳಿದು ಬೆಳೆಯುತ್ತವೆ. ಅಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎ ತುಂಡಿನ ಮೂಲಕ ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. (ಬಿಎಸ್ಸಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಪದ ಊಟದ ತಟ್ಟೆಗೆ ಬರುತ್ತದೆಂದು ಆಗ ಅನಿಸಿರಲಿಲ್ಲ.) ಚೆನ್ನಾಗಿ ಬೇಯಿಸಿದರೆ ಎಂಥ ಹಠಮಾರಿ ಸಾಲ್ಮೊನೆಲ್ಲಾವೂ ಸಾಯುತ್ತದೆ, ನಿಜ. ಆದರೆ ಕೊಯ್ಯುವವನ ಕೈ, ಈರುಳ್ಳಿ ಹೆಚ್ಚುವ ಮಣೆ, ಹೊಲಕ್ಕೆ ಹೋಗುವ ಕೋಳಿ ಗೊಬ್ಬರ ಯಾವುದೂ ಬೇಯುವುದಿಲ್ಲ.

ಇದು ಹೊಸ ಸಂಗತಿಯಲ್ಲ. ಮದ್ದು ಬೆರೆತ ಮೇವು ತಿಂದ ಮರಿ ಬೇಗ ಬಲಿಯುತ್ತದೆಂದು ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲೇ ಕಂಡುಕೊಂಡರು. ಹೀಗೆ ಬೆಳವಣಿಗೆಗಾಗಿ ಹಾಕುವುದನ್ನು ಯುರೋಪಿನ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಬೇರೆಲ್ಲ ಮದ್ದು ಸೋತಾಗ ಐಸಿಯುನಲ್ಲಿ ಕೊಡುವ ಕೊಲಿಸ್ಟಿನ್ ನಮ್ಮ ದೇಶದಲ್ಲಿ ಕೋಳಿ ಮೇವಿಗೂ ಹೋಗುತ್ತಿತ್ತು. ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು 2019ರ ಜುಲೈಯಲ್ಲಿ.

ಶೆಡ್ಡಿನ ಗೆಳೆಯ ಸುಮ್ಮನಿರಲಿಲ್ಲ. "ಮರಿ ಕಂಪನಿಯದು, ಮೇವು ಕಂಪನಿಯದು, ಮದ್ದೂ ಅವರದೇ. ನಮ್ಮದು ಶೆಡ್ಡು, ಕರೆಂಟು, ನಿದ್ದೆಗೆಟ್ಟ ಕಣ್ಣು. ಆರು ವಾರದಲ್ಲಿ ತೂಕ ಬರದಿದ್ರೆ ಕೂಲಿ ಕಟ್. ಚೀಲದಲ್ಲಿ ಏನಿದೆ ಅಂತ ನಮಗೇನು ಗೊತ್ತು? ಕಿಲೋಗೆ ಹತ್ತು ರೂಪಾಯಿ ಕಡಿಮೆ ಅಂದ್ರೆ ಆ ಅಂಗಡಿಗೇ ಓಡೋರು ನೀವೇ ಅಲ್ವಾ?"

ನಮಗೆ ಉತ್ತರ ಸಿಗಲಿಲ್ಲ. ಕದ್ದರೆ ಕಳೆದುಕೊಂಡವನಿದ್ದಾನೆ, ಅವನ ಬಳಿ ಹೋಗಿ ಹಿಂದಿರುಗಿಸಬಹುದು. ಇಲ್ಲಿ ಕಳೆದುಕೊಳ್ಳುವವನಿಗೆ ಮುಖವಿಲ್ಲ. ಅವನು ಇನ್ನೂ ಹುಟ್ಟದ ಕೂಸಾಗಿರಬಹುದು. ಮದ್ದಿನ ಶಕ್ತಿ ಎನ್ನುವುದು ಊರ ಗೋಮಾಳದ ಹಾಗೆ. ಒಬ್ಬೊಬ್ಬರೂ ಒಂದು ಹಿಡಿ ಹುಲ್ಲು ಹೆಚ್ಚಿಗೆ ಮೇಯಿಸಿದರೆ ಯಾರ ಹಸು ಅದನ್ನು ಬರಿದು ಮಾಡಿತೆಂದು ತೋರಿಸಲಾಗದು. ತೋರಿಸಲಾಗದ್ದಕ್ಕೆ ಹೊಣೆಯೇ ಇಲ್ಲವೆನ್ನೋಣವೇ? ಪಾಪನಿವೇದನೆಯಲ್ಲಿ ಮಾಡಿದ್ದನ್ನು ಮಾತ್ರವಲ್ಲ, ಕರ್ತವ್ಯಲೋಪವನ್ನೂ ಹೇಳಿಕೊಳ್ಳುತ್ತೇವೆ. ಕೇಳಬೇಕಾದ್ದನ್ನು ಕೇಳದೆ ಬಿಟ್ಟದ್ದೂ ಅದರಲ್ಲಿ ಸೇರುತ್ತದೆ ಎಂದೇ ನಮಗನಿಸುತ್ತದೆ.

ಹಾಗೆಂದು ಎಲ್ಲರ ಪಾಲೂ ಸಮ ಎನ್ನುವುದು ಅನ್ಯಾಯ. ಬದಲಾಯಿಸುವ ಶಕ್ತಿ ಯಾರ ಕೈಯಲ್ಲಿ ಹೆಚ್ಚಿದೆಯೋ ಅವರ ಹೊಣೆ ಹೆಚ್ಚು. ಮೇವು ಬೆರೆಸುವವರು ಮೊದಲು, ಕಾನೂನು ಕಾಯಬೇಕಾದವರು ಅವರೊಂದಿಗೇ, ಆಮೇಲೆ ಅಗ್ಗವನ್ನೇ ಹುಡುಕುವ ನಾವು. ಸಾಲ ಮಾಡಿ ಶೆಡ್ ಕಟ್ಟಿದವನು ಕೊನೆಯವನು. ಕಾಯಿಲೆ ಬಿದ್ದ ಕೋಳಿಗೆ ಮದ್ದೇ ಬೇಡವೆನ್ನುವುದೂ ಕ್ರೂರತನ. ಶುಚಿ, ಜಾಗ, ಲಸಿಕೆ ಇವುಗಳ ಬದಲಿಗೆ ಮದ್ದು ಸುರಿಯುವುದೇ ತಪ್ಪು. ನರ್ಸ್ ಗೆಳತಿ ನಮ್ಮನ್ನೂ ಬಿಡಲಿಲ್ಲ. ನೆಗಡಿಗೆ ಮೆಡಿಕಲ್ ಅಂಗಡಿಯಿಂದ ತಾವೇ ಎರಡು ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿದವರು ಕೈ ಎತ್ತಿ ಎಂದಳು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಎದ್ದವು.

ಹಬ್ಬಕ್ಕೆ ಬಿರಿಯಾನಿ ಇದ್ದೇ ಇತ್ತು, ಅದೇ ಗೆಳೆಯನ ಶೆಡ್ಡಿನ ಕೋಳಿ. ಹಸಿ ಮಾಂಸಕ್ಕೊಂದು ಮಣೆ, ಈರುಳ್ಳಿಗೆ ಬೇರೊಂದು. ಮೊಸರುಬಜ್ಜಿ ಕಲಸಿದವರು ಕೋಳಿ ಮುಟ್ಟಲಿಲ್ಲ. ಮುಂದಿನ ಬ್ಯಾಚಿನ ಮರಿ ಇಳಿಸಲು ಬಂದ ಮೇಲ್ವಿಚಾರಕನನ್ನು ಗೆಳೆಯ ಮೇವಿನಲ್ಲಿ ಏನೇನಿದೆ ಎಂದು ಬರೆದುಕೊಡಿ ಎಂದು ಕೇಳಿದನಂತೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲವಲ್ಲ ಎಂದು ಆತ ತಲೆ ಕೆರೆದುಕೊಂಡನಂತೆ. ಚೀಟಿ ಇನ್ನೂ ಬಂದಿಲ್ಲ. ಗೆಳೆಯ ಮತ್ತೆ ಕೇಳುತ್ತೇನೆ ಎಂದಿದ್ದಾನೆ. ಈ ಸಲ ನಮ್ಮಲ್ಲಿ ಇಬ್ಬರು ಅವನ ಜೊತೆ ಹೋಗುತ್ತಿದ್ದೇವೆ.