ಹೆಸರಿಲ್ಲದ ಮಗ

ಕಳೆದ ಸಲ ನಮ್ಮೂರು ತಿಕೋಟಾಕ್ಕೆ ಹೋದಾಗ ಅವ್ವ ಪಡಸಾಲೆಯಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ನಾಲ್ಕು ಕಿಲೋ ಹಸಿ ದ್ರಾಕ್ಷಿ ಶೆಡ್ಡಿನ ಬಲೆಯ ಮೇಲೆ ಎರಡು ವಾರ ನೆರಳಲ್ಲಿ ಒಣಗಿದರೆ ಉಳಿಯುವುದು ಒಂದು ಕಿಲೋ. ಅವಳ ಮುಂದೆ ಲ್ಯಾಪ್‌ಟಾಪ್ ಇಟ್ಟು ‘ತಾಯಿ ಸಾಹೇಬ’ ಸಿನಿಮಾ ಹಚ್ಚಿದೆ.

ರಂ.ಶಾ. ಲೋಕಾಪುರರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ 1997ರಲ್ಲಿ ತೆರೆಗೆ ತಂದರು, ಸ್ವರ್ಣಕಮಲವೂ ಬಂತು. ಜಯಮಾಲಾ ನಡೆದಾಡುವ ಆ ವಾಡೆ, ಆ ಮಾತು ಎಲ್ಲ ನಮ್ಮ ಸೀಮೆಯದೇ. ಯಜಮಾನ ಸ್ವಾತಂತ್ರ್ಯ ಹೋರಾಟಗಾರ. ಅವನಿಗೆ ಮನೆಯಾಚೆ ಇನ್ನೊಂದು ಸಂಸಾರ. ಅಲ್ಲಿ ಹುಟ್ಟಿದ ಮಗಳನ್ನು ವಾಡೆಯ ದತ್ತುಮಗ ಪ್ರೀತಿಸುತ್ತಾನೆ. ರಕ್ತಸಂಬಂಧವಿಲ್ಲ, ಆದರೂ ಕಾನೂನಿನ ಕಣ್ಣಿಗೆ ಅವರು ಅಣ್ಣ-ತಂಗಿ. 1956ರ ದತ್ತಕ ಕಾಯ್ದೆಯ ಪ್ರಕಾರ ಒಮ್ಮೆ ಕ್ರಮವಾಗಿ ಆದ ದತ್ತು ರದ್ದಾಗುವುದಿಲ್ಲ.

ಅವ್ವನ ಕೈ ನಿಂತಿತು. “ದತ್ತಕ ತೊಗೊಳ್ಳಾಗ ಆ ಹುಡುಗನ್ನ ಯಾರೂ ಕೇಳಲಿಲ್ಲ. ಈಗ ಬಿಡಬೇಕಂದ್ರ ಕೋರ್ಟಿಗಿ ಕೇಳಬೇಕೇನು?”

ಆಕ್ಲೆಂಡಿನಲ್ಲಿ ಬಹಳ ವರ್ಷ ಕಳೆದ ನನಗೆ ಆಗ ನೆನಪಾದದ್ದು ಸಮೋವಾದ ಲೇಖಕ ಆಲ್ಬರ್ಟ್ ವೆಂಟ್. ಅವರ ‘ಸನ್ಸ್ ಫಾರ್ ದಿ ರಿಟರ್ನ್ ಹೋಮ್’ ಕಾದಂಬರಿ 1973ರದು. 1979ರಲ್ಲಿ ಪಾಲ್ ಮೌಂಡರ್ ಅದನ್ನು ಸಿನಿಮಾ ಮಾಡಿದರು. ಓದಲೆಂದು ಮಕ್ಕಳನ್ನು ವೆಲ್ಲಿಂಗ್ಟನ್ನಿಗೆ ಕರೆತಂದ ತಂದೆತಾಯಿ, ‘ಒಂದಿನ ವಾಪಸು’ ಎಂಬ ಮಾತು, ಬಿಳಿಯರ ಹುಡುಗಿಯ ಮೇಲೆ ಮಗನ ಪ್ರೀತಿ. ಕಡೆಗೆ ಎಲ್ಲರೂ ಊರಿಗೆ ಹೋಗುತ್ತಾರೆ, ಊರು ಅವನಿಗೆ ಒಗ್ಗುವುದಿಲ್ಲ. ಕಾದಂಬರಿಯಲ್ಲಿ ನಾಯಕನಿಗೆ ಹೆಸರೇ ಇಲ್ಲ. ಆಕ್ಲೆಂಡಿನ ನಮ್ಮ ಕನ್ನಡ ಸಂಘದ ಯಾರ ಹೆಸರನ್ನಾದರೂ ಅಲ್ಲಿ ಬರೆದುಕೊಳ್ಳಬಹುದು.

ವೆಂಟ್ ಕಥೆಯಲ್ಲಿ ಆ ಪ್ರೀತಿಗೆ ಬಾಗಿಲು ಹಾಕುವವಳು ತಾಯಿ. ‘ತಾಯಿ ಸಾಹೇಬ’ದಲ್ಲಿ ತಾಯಿ ಮಕ್ಕಳ ಕಡೆ ನಿಲ್ಲುತ್ತಾಳೆ, ಹೊಸ ದೇಶದ ಹೊಸ ಕಾನೂನು ಅಡ್ಡ ಬರುತ್ತದೆ. ದತ್ತುಮಗನನ್ನು ಯಾರೂ ನಡುನೀರಲ್ಲಿ ಕೈಬಿಡದಿರಲೆಂದು ಮಾಡಿದ ನಿಯಮವೇ ಅವನ ಕಾಲಿಗೆ ತೊಡಕು. ಕಾಸರವಳ್ಳಿಯವರ ಚಿತ್ರ ನನಗೆ ಹೆಚ್ಚು ಹಿಡಿಸುವುದು ಇದಕ್ಕೇ. ಮುದುಕರೆಂದರೆ ಸಂಪ್ರದಾಯ, ಹುಡುಗರೆಂದರೆ ಆಧುನಿಕತೆ ಎಂಬ ಸಲೀಸು ಲೆಕ್ಕ ಅಲ್ಲಿ ನಡೆಯುವುದಿಲ್ಲ.

ನಮ್ಮ ಮನೆಯಲ್ಲೂ ನಡೆಯಲಿಲ್ಲ. ಬಬಲೇಶ್ವರಕ್ಕೆ ಕೊಟ್ಟ ತಂಗಿಯ ಮಗಳು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿದವಳು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಾಗ ಮೊದಲು ಹೂಂ ಅಂದದ್ದು ಅವ್ವ. “ಮಂದಿ ಏನಂದಾರು?” ಎಂದು ಫೋನಿನಲ್ಲಿ ಎಳೆದಾಡಿದವನು ಆಕ್ಲೆಂಡಿನ ಸೋದರಮಾವ, ಅಂದರೆ ನಾನು. ಊರು ಬಿಟ್ಟ ದಿನದ ತಿಕೋಟಾವನ್ನು ಹಾಗೇ ಕಟ್ಟಿಟ್ಟುಕೊಂಡು ಕೂತಿದ್ದೆ. ಮದುವೆಯಲ್ಲಿ ಅಕ್ಕಿಕಾಳು ಹಾಕಿದ್ದೂ ವಿಡಿಯೋ ಕಾಲಿನಲ್ಲೇ.

ಹೊರಡುವ ದಿನ ಅವ್ವ ಒಣದ್ರಾಕ್ಷಿಯ ಚೀಲ ಕಟ್ಟಿದಳು. ಆಕ್ಲೆಂಡಿನಲ್ಲಿ ಇಳಿದ ಕೂಡಲೇ ಅಧಿಕಾರಿಗಳಿಗೆ ತೋರಿಸಬೇಕಾಗುತ್ತದೆ, ಇಲ್ಲದಿದ್ದರೆ ದಂಡ ಎಂದೆ.

“ತೋರಿಸು. ಕೇಳಿದ್ರ ಮನೀದು ಅನ್ನು.”

“ಯಾವ ಮನೀದು ಅಂತ ಕೇಳಿದ್ರ?”

ಅವ್ವ ಚೀಲಕ್ಕೆ ಇನ್ನೊಂದು ಗಂಟು ಬಿಗಿದಳು.