ಡಯಲ್‌ಗೆ ಬಣ್ಣ ಬಳಿಯಬೇಡಿರಿ

ಈ ದಿನದ ಧ್ಯಾನಕ್ಕಾಗಿ ಜ್ಞಾನೋಕ್ತಿಗಳು 28:13 ತೆಗೆದುಕೊಳ್ಳಿರಿ. ಅಲ್ಲಿ ಎರಡು ಥರದ ಜನ ಇದ್ದಾರೆ. ಒಬ್ಬನು ತನ್ನ ತಪ್ಪಿನ ಮೇಲೆ ಪರದೆ ಎಳೆಯುತ್ತಾನೆ, ಇನ್ನೊಬ್ಬನು ಅದನ್ನು ದೇವರ ಮುಂದೆ ತೆರೆದಿಟ್ಟು ಅದರಿಂದ ತಿರುಗಿಕೊಳ್ಳುತ್ತಾನೆ. ಕರುಣೆ ಸಿಗುವುದು ಎರಡನೆಯವನಿಗೆ.

ನಿಮ್ಮಲ್ಲಿ ಅನೇಕರ ಮನೆಯಲ್ಲಿ ಅಪ್ಪನದೋ ತಾತನದೋ ಎಚ್‌ಎಂಟಿ ವಾಚ್ ಇರಬಹುದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ನಮ್ಮ ಬೆಂಗಳೂರಿನಲ್ಲೇ ಆ ಕಾರ್ಖಾನೆ ಶುರುವಾಯಿತು. ಅದರಲ್ಲಿ ಜನತಾ ಅನ್ನುವ ವಾಚ್ ನೆನಪಿದೆಯಾ? 17 ಜ್ಯುವೆಲ್, ದಿನಾ ಕೀ ಕೊಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿತು. ಈಗ ಹಳೆಯ ವಾಚ್‌ಗಳನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಬೇಡಿಕೆ ಇರುವ ಕಡೆ ಬಣ್ಣ ಬಳಿಯುವವರೂ ಇರ್ತಾರೆ. ಮಾಸಿದ ಡಯಲ್ ಉಜ್ಜಿ, ಹೊಸ ಬಣ್ಣ ಹಾಕಿ, ಹೆಸರು ಮತ್ತೆ ಅಚ್ಚು ಹಾಕಿ, ಒರಿಜಿನಲ್ ಅಂತ ಮಾರುತ್ತಾರೆ.

ಆದರೆ ಕೆಲಸ ಬಲ್ಲ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರೆ ಗೊತ್ತಾಗಿಬಿಡುತ್ತೆ. ಅಕ್ಷರ ದಪ್ಪವಾಗಿ ಹರಡಿರುತ್ತೆ. ನಿಮಿಷದ ಗೆರೆಗಳು ಒಂದೇ ಅಳತೆಯಲ್ಲಿ ಇರೋದಿಲ್ಲ. ಮುಳ್ಳು ಹಳದಿಯಾಗಿ ಮಾಸಿದೆ, ಡಯಲ್ ಮಾತ್ರ ಪಳಪಳ ಹೊಳೀತಿದೆ. ಜೊತೆಯಲ್ಲಿ ಬಂದವು ಜೊತೆಯಲ್ಲೇ ಹಳೆಯದಾಗಬೇಕಲ್ಲವೇ? ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಮಿಷಿನ್ ನೋಡ್ತಾರೆ. 1 ಸಮುವೇಲ 16:7 ನೆನಪು ಮಾಡಿಕೊಳ್ಳಿ. ಮನುಷ್ಯ ಡಯಲ್ ನೋಡ್ತಾನೆ, ಕರ್ತನು ಮುಚ್ಚಳ ತೆಗೆದು ನೋಡ್ತಾನೆ. ಆಮೆನ್?

ಒಂದು ಮಾತು ಗಮನಿಸಿರಿ. ಸ್ಪ್ರಿಂಗ್ ಮುರಿದರೆ ಬೇರೆ ಹಾಕಲೇಬೇಕು. ಬದಲಾಯಿಸುವುದು ಮೋಸವಲ್ಲ, ಬದಲಾಯಿಸಿಯೇ ಇಲ್ಲ ಅನ್ನುವುದು ಮೋಸ. ಯೆಹೆಜ್ಕೇಲ 36:26ರಲ್ಲಿ ದೇವರೇ ನಮಗೆ ಹೊಸ ಹೃದಯ ಕೊಡುವ ವಾಗ್ದಾನ ಮಾಡಿದ್ದಾನೆ. ಹಾಗಾದರೆ ನಾವು ಮೊದಲಿನಿಂದಲೂ ಒಳ್ಳೆಯವರೇ ಅಂತ ತೋರಿಸಿಕೊಂಡರೆ, ಆ ಹೃದಯ ಕೊಟ್ಟವನ ಮಹಿಮೆಯನ್ನು ಕದ್ದಂತೆ.

ಪ್ರಿಯರೇ, ನಾನು ನಮ್ಮ ಸಾಕ್ಷಿಗಳ ಬಗ್ಗೆ ಮಾತಾಡ್ತಿದ್ದೇನೆ. ಮೈಕ್ ಹಿಡಿದು, "ಪ್ರಾರ್ಥನೆ ಮಾಡಿದೆ, ಅದೇ ದಿನ ಕುಡಿತ ಬಿಟ್ಟುಹೋಯಿತು" ಅಂತೇವೆ. ನಡುವೆ ಎಷ್ಟು ಸಲ ಬಿದ್ದೆವು, ಹೆಂಡತಿ ಎಷ್ಟು ರಾತ್ರಿ ಅತ್ತಳು, ಅದನ್ನು ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಯೌವನಸ್ಥ ಕೂತಿದ್ದಾನೆ, ನಿನ್ನೆ ರಾತ್ರಿ ಮತ್ತೆ ಬಿದ್ದವನು. ಅವನು ಅಂದುಕೊಳ್ಳುತ್ತಾನೆ, "ಇವರಿಗೆಲ್ಲಾ ಒಂದೇ ದಿನದಲ್ಲಿ ಆಯಿತು, ದೇವರು ನನ್ನನ್ನು ಮಾತ್ರ ಬಿಟ್ಟಿದ್ದಾನೆ." ಮುಂದಿನ ಭಾನುವಾರ ಅವನು ಬರುವುದಿಲ್ಲ. ನಾವು ಬಳಿದ ಬಣ್ಣಕ್ಕೆ ಒಂದು ಆತ್ಮದ ಬೆಲೆ ಆಯಿತು. ಇದು ಸಣ್ಣ ವಿಷಯವಲ್ಲ, ಸಭೆಯೇ.

ನಿಂತುಹೋದ ವಾಚ್ ಡಯಲ್‌ಗೆ ಬಣ್ಣ ಹೊಡೆದರೆ ನಡೆಯೋದಿಲ್ಲ. ಎಲ್ಲಾ ಬಿಚ್ಚಬೇಕು, ಗಟ್ಟಿಯಾದ ಹಳೇ ಎಣ್ಣೆ ತೊಳೆಯಬೇಕು, ಹೊಸ ಎಣ್ಣೆ ಒಂದು ಹನಿಗಿಂತ ಕಡಿಮೆ ಇಡಬೇಕು, ಮತ್ತೆ ಒಂದೊಂದಾಗಿ ಜೋಡಿಸಬೇಕು. ಆಗ ಬ್ಯಾಲೆನ್ಸ್ ಚಕ್ರ ಮತ್ತೆ ಆಡುತ್ತೆ, ಗಂಟೆಗೆ 18,000 ಸಲ ಟಿಕ್ ಅನ್ನುತ್ತೆ. ಡಯಲ್ ಮೇಲೆ ಕಲೆ ಇದ್ದರೂ ಸಮಯ ಸರಿಯಾಗಿ ತೋರಿಸುತ್ತೆ. ಅಂಥ ವಾಚ್ ನಂಬಬಹುದು. ಅಂಥ ವಿಶ್ವಾಸಿಯನ್ನೂ ನಂಬಬಹುದು.

ಆದ್ದರಿಂದ ಈ ವಾರ ಯಾರಾದರೂ ಒಬ್ಬ ನಂಬಿಗಸ್ತ ಸಹೋದರನ ಹತ್ತಿರ, ಒಬ್ಬ ಸಹೋದರಿಯ ಹತ್ತಿರ, ನಿಮ್ಮ ನಿಜವಾದ ಸಾಕ್ಷಿ ಹೇಳಿರಿ. ಬಿದ್ದದ್ದನ್ನೂ ಹೇಳಿ, ಎತ್ತಿದಾತನನ್ನೂ ಹೇಳಿ.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಮ್ಮನ್ನು ಬಿಚ್ಚಿ ನೋಡು. ಮುರಿದದ್ದನ್ನು ಬದಲಾಯಿಸು, ಕೊಳೆಯನ್ನು ನಿನ್ನ ರಕ್ತದಿಂದ ತೊಳೆ. ಹಿಂದಿನ ಸಾಲಿನಲ್ಲಿ ಕೂತಿರುವ ಆ ಮಗನನ್ನು ಇವತ್ತೇ ಮುಟ್ಟು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.