ಗೊಂಬೆಯ ಬೆನ್ನು ಹತ್ತಿದ ಕಥೆ

ಇಡಗುಂಜಿ ಗಣಪನಿಗೆ ಕೈಮುಗಿದು, ಪಂಚಕಜ್ಜಾಯ ಹಿಡಿದು ಹೊರಬಂದರೆ ಮಕ್ಕಳ ಕಣ್ಣು ಹೋಗುವುದು ಅಂಗಡಿ ಸಾಲಿನ ಆಟಿಕೆಗಳ ಕಡೆಗೇ. ಪೀಪಿ, ಬಲೂನುಗಳ ನಡುವೆ ಛೋಟಾ ಭೀಮನೋ ಸ್ಪೈಡರ್‌ಮ್ಯಾನನೋ ಕಂಡರೆ ಹಟ ಶುರು. ಟಿ.ವಿ. ನೋಡಿ ನೋಡಿ ಗೊಂಬೆ ಕೇಳುತ್ತದೆ ಎಂದು ನಾವು ಗೊಣಗುತ್ತೇವೆ. ಆದರೆ ಗೊಂಬೆ ಮಾರುವುದಕ್ಕೆಂದೇ ಕಾರ್ಟೂನನ್ನು ತಿದ್ದಿದ್ದೂ ಉಂಟು.

ಅಮೆರಿಕದ ‘ಸೂಪರ್ ಫ್ರೆಂಡ್ಸ್’ ಅಂಥದ್ದು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೊದಲಾದವರ ಈ ತಂಡ 1973ರಲ್ಲಿ ಕಿರುತೆರೆಗೆ ಬಂದಾಗ ಬಲು ಸೌಮ್ಯವಾಗಿತ್ತು. ಹೊಡೆದಾಟ ಇಲ್ಲವೆನ್ನುವಷ್ಟು ಕಡಿಮೆ. ಎದುರಾಳಿ ಎಂದರೆ ಹೆಚ್ಚಾಗಿ ದಾರಿ ತಪ್ಪಿದ ಯಾರೋ ವಿಜ್ಞಾನಿ. ಅವನಿಗೆ ತಿಳಿಹೇಳಿದರೆ ಕಥೆ ಮುಗಿಯಿತು. 1984ರಲ್ಲಿ ಕೆನ್ನರ್ ಕಂಪನಿ ಇದೇ ವೀರರ ಗೊಂಬೆಗಳನ್ನು ‘ಸೂಪರ್ ಪವರ್ಸ್’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಸೂಪರ್‌ಮ್ಯಾನ್ ಗೊಂಬೆಯ ಕಾಲುಗಳನ್ನು ಒತ್ತಿದರೆ ಕೈ ಗುದ್ದುತ್ತಿತ್ತು. ಫ್ಲ್ಯಾಶ್ ಗೊಂಬೆಯ ತೋಳು ಒತ್ತಿದರೆ ಕಾಲು ಓಡುತ್ತಿತ್ತು. ಅದೇ ವರ್ಷ ಕಾರ್ಟೂನಿನ ಹೆಸರಿಗೂ ‘ಸೂಪರ್ ಪವರ್ಸ್’ ಸೇರಿತು. ಫೈರ್‌ಸ್ಟಾರ್ಮ್ ಎಂಬ ವೀರ ತಂಡಕ್ಕೆ ಬಂದ, ಡಾರ್ಕ್‌ಸೈಡ್ ಎಂಬ ಘೋರ ಖಳ ಎದುರು ನಿಂತ, ಮರುವರ್ಷ ಸೈಬೋರ್ಗ್. ಕಥೆಯ ಪಾತ್ರಗಳೂ ಅಂಗಡಿಯ ಕಪಾಟೂ ಜೊತೆಜೊತೆಗೇ ತುಂಬುತ್ತಾ ಹೋದವು.

ನಮ್ಮ ಹೊನ್ನಾವರದ ಕಡೆ ಇದು ಬೇರೆ ರೀತಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮೇಳ ಕಟ್ಟಿದ ಸೀಮೆಯಿದು. ರಾತ್ರಿಯಿಡೀ ಆಟ ನೋಡಿದ ಹುಡುಗರು ಮರುದಿನ ಅಡಕೆ ಹಾಳೆ ಕತ್ತರಿಸಿ ಕಿರೀಟ ಮಾಡುತ್ತಾರೆ, ಮಸಿಯಿಂದ ಮೀಸೆ ತೀಡುತ್ತಾರೆ, ತಗಡಿನ ಡಬ್ಬವೇ ಚೆಂಡೆ. ನೋಡಿದ ಕಥೆ ಮನಸ್ಸಿನಲ್ಲಿ ಕುಣಿಯತೊಡಗಿದ ಮೇಲೆ ಆಟಿಕೆ ಹುಟ್ಟುತ್ತದೆ. ಅದಕ್ಕೇ ಹಾಳೆಯ ಕಿರೀಟ ಬೆಳಿಗ್ಗೆ ಕೌರವನದಾದರೆ ಮಧ್ಯಾಹ್ನ ಭೀಮನದು.

ಹಾಗೆಂದು ಗೊಂಬೆಯ ವ್ಯಾಪಾರವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಾಗದು. ಕಾರಣ, ಜ್ಯಾಕ್ ಕರ್ಬಿ. 1970ರ ಸುಮಾರಿಗೆ ಡಾರ್ಕ್‌ಸೈಡ್‌ನನ್ನು ಸೃಷ್ಟಿಸಿದ ಕಲಾವಿದ ಅವರು. ಕಾಮಿಕ್ಸ್ ಲೋಕದಲ್ಲಿ ಆಗ ಪಾತ್ರದ ಒಡೆತನ ಪ್ರಕಾಶಕರದು. ಬರೆದವರಿಗೆ ಪುಟದ ಲೆಕ್ಕದ ಕೂಲಿ. ಗೊಂಬೆಗಳು ಬಂದಾಗ ಪ್ರಕಾಶಕರಾದ ಡಿಸಿ ಸಂಸ್ಥೆಯವರು ಕರ್ಬಿಯವರಿಂದಲೇ ಡಾರ್ಕ್‌ಸೈಡ್ ಮೊದಲಾದ ಅವರ ಪಾತ್ರಗಳ ರೂಪವನ್ನು ಹೊಸದಾಗಿ ಬರೆಸಿ, ಅವರಿಗೆ ರಾಯಧನ ಸಿಗುವಂತೆ ಮಾಡಿದರು. ಕಥೆಯನ್ನು ಎಳೆದಾಡಿದ ವ್ಯಾಪಾರವೇ ಮುಪ್ಪಿನತ್ತ ಸಾಗುತ್ತಿದ್ದ ಕಲಾವಿದನಿಗೆ ನ್ಯಾಯವನ್ನೂ ಒದಗಿಸಿತು. ಯಾರೋ ಒಬ್ಬರು ಕೂತು ಯೋಚಿಸಿ, ಕಾಗದಪತ್ರ ಮಾಡಿ, ಹಣ ತಲುಪಿಸಿದ್ದರಿಂದ ಆದ ಕೆಲಸ ಅದು. ಸಜ್ಜನಿಕೆಗೆ ಇಷ್ಟು ಲೆಕ್ಕಾಚಾರವೂ ಬೇಕಾಗುತ್ತದೆ. ಯಕ್ಷಗಾನದ ಮುಖಗಳು ಈಗ ನಮ್ಮಲ್ಲೂ ಕೀಲಿಗೊಂಚಲಿಗೆ, ಗೋಡೆಯ ಅಲಂಕಾರಕ್ಕೆ ಬಂದಿವೆ. ಬರಲಿ, ಸಂತೋಷವೇ. ಕೊಳ್ಳುವಾಗ ಮಾತ್ರ ಮಾಡಿದವರು ಯಾರೆಂದು ಅಂಗಡಿಯವರನ್ನು ಕೇಳೋಣ. ಕಿರೀಟ, ಭುಜಕೀರ್ತಿ ಕೆತ್ತುವವರ ಮನೆ ಹತ್ತಿರದಲ್ಲೇ ಇದ್ದರೆ, ನಾಲ್ಕು ಕಾಸು ಹೆಚ್ಚಾದರೂ ಅಲ್ಲಿಂದಲೇ ತರೋಣ. ಉಳಿ ಹಿಡಿದ ಕೈಯನ್ನು ನೋಡಲು ಮಗುವನ್ನೂ ಜೊತೆಗೆ ಕರೆದೊಯ್ಯೋಣ.